ಕುಳ್ಳಗಿದ್ದವರಿಗೆ ಎಷ್ಟು ಲೀಟರ್?

ಕೊಡಗಿಗೆ ಸಮುದ್ರವಿಲ್ಲ. ಸಮುದ್ರದ ಬಗ್ಗೆ ಇಲ್ಲಿ ಇಷ್ಟು ಖಚಿತವಾದ ಅಭಿಪ್ರಾಯಗಳಿರುವುದಕ್ಕೆ ಅದೇ ಕಾರಣ. ಮೂಲ್ಕಿಯ ಮೀನುಗಾರರೊಬ್ಬರನ್ನು ಹಿಡಿದು, ನಾಳೆ ಅಲೆ ಹೇಗಿರುತ್ತದೆ ಎಂದು ಕೇಳಿ. ಗಾಳಿ ನೋಡುತ್ತಾರೆ, ಮೋಡ ನೋಡುತ್ತಾರೆ, ಕೊನೆಗೆ ‘ನಾಳೆ ನೋಡುವ’ ಎನ್ನುತ್ತಾರೆ. ಅದೇ ಪ್ರಶ್ನೆಯನ್ನು ಸಮುದ್ರಮಟ್ಟದಿಂದ ಸಾವಿರದ ನೂರು ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ ಕೇಳಿ. ಮಂಜಿನಲ್ಲಿ ಎದುರುಮನೆ ಕಾಣದಿದ್ದರೂ ಅಲೆ ಎಷ್ಟು ಎತ್ತರ ಏಳುತ್ತದೆ ಎಂಬುದು ಅಲ್ಲಿನವರಿಗೆ ಸ್ಪಷ್ಟವಾಗಿ ಕಾಣುತ್ತದೆ.

ಹಾಗಂತ ನಮಗೂ ಕಡಲಿಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ನಮ್ಮ ಬೆಟ್ಟದ ಒಂದು ಮಗ್ಗುಲಿಗೆ ಬಿದ್ದ ಮಳೆ ಕಾವೇರಿಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಪಯಸ್ವಿನಿಯಾಗಿ ಸುಳ್ಯ ದಾಟಿ, ಚಂದ್ರಗಿರಿ ಎಂಬ ಹೆಸರು ಹೊತ್ತು ಕಾಸರಗೋಡಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಎರಡೆರಡು ಕಡಲಿಗೆ ನೀರು ಸರಬರಾಜು ಮಾಡುವ ಜಿಲ್ಲೆಗೆ ಒಂದಡಿ ತೀರವಿಲ್ಲ. ಲೋಕಸಭೆಯ ಲೆಕ್ಕದಲ್ಲಿ ಮಾತ್ರ ಒಂದು ಕಾಲಕ್ಕೆ ಇತ್ತು. ಕ್ಷೇತ್ರ ಮರುವಿಂಗಡಣೆಗೆ ಮುನ್ನ ಕೊಡಗು ಮಂಗಳೂರು ಕ್ಷೇತ್ರದಲ್ಲಿತ್ತು. ಮಂಗಳೂರಿನ ಮರಳಿಗೂ ಪುಷ್ಪಗಿರಿಯ ತಪ್ಪಲಿಗೂ ಒಬ್ಬರೇ ಸಂಸದರು. 2009ರ ಚುನಾವಣೆಯಿಂದ ನಾವು ಮೈಸೂರಿನ ಪಾಲು. ಕಡಲು ಹೋಯಿತು, ಅರಮನೆ ಬಂತು. ಅಭಿಪ್ರಾಯಗಳು ಮಾತ್ರ ಮರುವಿಂಗಡಣೆಯಾಗಲಿಲ್ಲ.

ಇಂಥ ಜಿಲ್ಲೆಯ ಹುಡುಗಿಯೊಬ್ಬಳು ಸರ್ಫಿಂಗ್ ಕಲಿಯಲು ಹೊರಟಳೆನ್ನಿ. ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು, ತೂಕ 46 ಕೆ.ಜಿ., ಬೆಂಗಳೂರಿನಲ್ಲಿ ನೌಕರಿ. ಪುತ್ತರಿ ಹಬ್ಬಕ್ಕೆ ಕುಟುಂಬದ ಐನ್‌ಮನೆಗೆ ಬಂದವಳು ಊಟದ ನಡುವೆ ಬಾಯಿತಪ್ಪಿ, ಎಷ್ಟುದ್ದದ ಬೋರ್ಡ್ ತೆಗೆದುಕೊಳ್ಳಲಿ ಎಂದು ಕೇಳಿದಳೆನ್ನಿ. ಮುಗಿಯಿತು. ಪಂದಿಕರಿ ಆರುತ್ತದೆ, ಚರ್ಚೆ ಕಾವೇರುತ್ತದೆ. ನೀವು ಕಡಲಿಗೆ ಇಳಿದಿದ್ದೀರಾ ಎಂದು ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ದೊಡ್ಡವರನ್ನು ಹಾಗೆಲ್ಲ ಕೇಳಬಾರದು.

ಮೊದಲ ತೀರ್ಪು ನಿವೃತ್ತ ಸುಬೇದಾರ್ ಮಾವನದು. ‘ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಏನುಂಟು ಮಗಳೇ? ಹಾಕಿ ಸ್ಟಿಕ್ ಹೇಗೆ ಆರಿಸುತ್ತೇವೆ? ಆಳಿನ ಎತ್ತರ ನೋಡಿ. ಮಕ್ಕಳಿಗೆ 28 ಇಂಚು, ದೊಡ್ಡವರಿಗೆ ಮೂವತ್ತಾರೂವರೆ. ನೀನು ಕುಳ್ಳಿ, ನಿನಗೆ ಕುಳ್ಳ ಹಲಗೆ.’ ಕೊಡಗಿನಲ್ಲಿ ಹಾಕಿಯ ದೃಷ್ಟಾಂತ ಬಿದ್ದ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಅರವತ್ತು ಕುಟುಂಬಗಳ ತಂಡ ಕಟ್ಟಿ ಶುರುಮಾಡಿದ ಹಾಕಿ ನಮ್ಮೆ, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಮುಟ್ಟಿ ಗಿನ್ನೆಸ್ ದಾಖಲೆ ಸೇರಿತು. ಅಷ್ಟು ಮನೆತನಗಳು ಒಪ್ಪಿದ ನಿಯಮವನ್ನು ಸಮುದ್ರ ಒಪ್ಪುವುದಿಲ್ಲವೆಂದರೆ ತಪ್ಪು ಸಮುದ್ರದ್ದೇ ಇರಬೇಕು.

ಎರಡನೆಯವರು ಬೆಳೆಗಾರರು. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾದರೂ ಕೊಡಗಿನ ತೋಟಗಳಲ್ಲಿ ಮಳೆ ಬೀಳುವುದು ಇಂಚು, ಸೆಂಟಿನಲ್ಲೇ. ಹೂಮಳೆ ಒಂದು ಇಂಚು ಇಪ್ಪತ್ತು ಸೆಂಟ್ ಬಂತೋ ಹದಿನೈದೇ ಬಂತೋ ಎಂಬುದರ ಮೇಲೆ ಬೇಲಿಯಾಚೆಯವರ ಜೊತೆ ಮಾತು ಬಿಟ್ಟವರಿದ್ದಾರೆ. ಸರ್ಫ್‌ಬೋರ್ಡಿನ ಉದ್ದ, ಅಗಲ, ದಪ್ಪ ಮೂರನ್ನೂ ಅಡಿ, ಇಂಚಿನಲ್ಲೇ ಹೇಳುತ್ತಾರೆ ಎಂದು ಗೊತ್ತಾದದ್ದೇ ತಡ, ಇಡೀ ಶಾಸ್ತ್ರ ಅವರ ವಶವಾಯಿತು. ‘ಹುಡುಗಿ 59 ಇಂಚು. ಹಲಗೆಯೂ 59 ಇಂಚು. ಒಂದು ಸೆಂಟ್ ಹೆಚ್ಚಬಾರದು, ಕುಗ್ಗಬಾರದು.’ ಅಗಲ, ದಪ್ಪ ಎಷ್ಟಿರಬೇಕು ಎಂದು ಕೇಳಿದ್ದಕ್ಕೆ, ‘ಅದೆಲ್ಲ ಮೇಲಿನವನ ಕೈಯಲ್ಲಿ’ ಎಂದರು. ಹೂಮಳೆಯ ಬಗ್ಗೆಯೂ ಅವರು ಕೊನೆಗೆ ಹೇಳುವುದು ಅದನ್ನೇ.

ಮೂರನೆಯವನು ಹೋಂಸ್ಟೇ ನಡೆಸುವ ಅಣ್ಣ. ಅವನ ಪ್ರಕಾರ ಹುಡುಗಿ ಅಷ್ಟು ದೂರ ಹೋಗಬೇಕಾದದ್ದೇ ಇಲ್ಲ, ಇಲ್ಲಿನ ಬರಪೊಳೆ ನದಿಯಲ್ಲೇ ಸರ್ಫಿಂಗ್ ಶುರುಮಾಡಬಹುದು. ಜರ್ಮನಿಯ ಮ್ಯೂನಿಕ್ ನಗರಕ್ಕೂ ಸಮುದ್ರವಿಲ್ಲ, ಅಲ್ಲಿ ಕಾಲುವೆಯಲ್ಲೇ ಸರ್ಫ್ ಮಾಡುತ್ತಾರೆ, ವಿಡಿಯೋ ಇದೆ ನೋಡಿ ಎಂದು ಫೋನ್ ಚಾಚುತ್ತಾನೆ. ವಿಡಿಯೋ ಸುಳ್ಳಲ್ಲ. ಐಸ್‌ಬಾಖ್ ಎಂಬ ಆ ಕಾಲುವೆಯಲ್ಲಿ ಒಂದೇ ಜಾಗದಲ್ಲಿ ನಿಂತು ಉಕ್ಕುವ ಅಲೆಯ ಮೇಲೆ ಜನ 1970ರ ದಶಕದಿಂದ ಆಡುತ್ತ ಬಂದಿದ್ದಾರೆ. 2010ರಲ್ಲಿ ಅದಕ್ಕೆ ಅಧಿಕೃತ ಒಪ್ಪಿಗೆಯೂ ಸಿಕ್ಕಿತು. ಆದರೆ ಪಳಗಿದವರು ಮಾತ್ರ ಇಳಿಯಿರಿ ಎಂದು ಅಲ್ಲಿ ಬೋರ್ಡ್ ಹಾಕಿದ್ದಾರೆ. ಆ ಬೋರ್ಡನ್ನು ಅಣ್ಣನ ವಿಡಿಯೋ ತೋರಿಸುವುದಿಲ್ಲ. ನಿಂತ ಅಲೆಗೆ ಕೈಯಿಂದ ನೀರು ತಳ್ಳಿಕೊಂಡು ಹೋಗುವ ಕೆಲಸವಿಲ್ಲ, ಹೀಗಾಗಿ ಅಲ್ಲಿ ಗಿಡ್ಡ ಹಲಗೆ ನಡೆಯುತ್ತದೆ. ಬರಪೊಳೆಯಲ್ಲಿ ಮಳೆಗಾಲದಲ್ಲಿ ರಾಫ್ಟ್ ಓಡುತ್ತದೆ ನಿಜ, ಅಲೆಗಿಂತ ಬಂಡೆ ಹೆಚ್ಚು ಎಂಬುದೂ ನಿಜ. ‘ಕೊಡಗಿನ ಮೊತ್ತಮೊದಲ ಸರ್ಫಿಂಗ್ ಹೋಂಸ್ಟೇ’ ಎಂಬ ಫಲಕದ ವಿನ್ಯಾಸವಾಗಿದೆ. ನದಿಯ ಒಪ್ಪಿಗೆ ಬಾಕಿ.

ನಾಲ್ಕನೆಯವನು ಬೆಂಗಳೂರಿನ ತಮ್ಮ. ಅವನೇ ನಿಜವಾದ ಅಪಾಯ, ಯಾಕೆಂದರೆ ಅವನ ಹತ್ತಿರ ಬೋರ್ಡ್ ಇದೆ. ಐದು ಅಡಿ ಹತ್ತು ಇಂಚು, ಫೈಬರ್‌ಗ್ಲಾಸ್, ಚೂಪು ಮೂತಿ, 28 ಲೀಟರ್. ‘ನಿನ್ನ ಸೈಜಿಗೆ ಹೇಳಿ ಮಾಡಿಸಿದ ಹಾಗಿದೆ ಅಕ್ಕ, ಸುಮ್ಮನೆ ಯಾಕೆ ದುಡ್ಡು ಹಾಕುತ್ತೀಯ?’ ಆ ಬೋರ್ಡಿನ ಮೇಲೆ ಅವನು ನಿಂತ ಫೋಟೋ ಒಂದೂ ಇಲ್ಲ. ಅದರ ಪಕ್ಕದಲ್ಲಿ ನಿಂತ ಫೋಟೋಗಳು ಬಹಳ ಇವೆ.

ಲೀಟರ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಸುಬೇದಾರ್ ಮಾವ ಕುರ್ಚಿ ಮುಂದಕ್ಕೆಳೆದುಕೊಂಡರು. ಈ ವಿಷಯದಲ್ಲಿ ಅವರಿಗೆ ತಿಂಗಳ ಮಿಲಿಟರಿ ಕ್ಯಾಂಟೀನ್ ಕೋಟಾದ ಅನುಭವವಿದೆ.

‘ಕುಳ್ಳಗಿದ್ದವರಿಗೆ ಎಷ್ಟು ಲೀಟರ್?’ ಎಂದು ಹುಡುಗಿ ಕೇಳಿದಳು.

‘ಕಡಿಮೆ’ ಎಂದರು ಮಾವ. ‘ತಡೆಯುವುದಿಲ್ಲ.’

ಅಲ್ಲಿಗೆ ಸೇನೆ, ತೋಟ, ಪ್ರವಾಸೋದ್ಯಮ, ಐಟಿ ಎಂಬ ಕೊಡಗಿನ ನಾಲ್ಕು ಕಂಬಗಳೂ ಒಂದೇ ತೀರ್ಪು ಕೊಟ್ಟಂತಾಯಿತು: ಚಿಕ್ಕವಳಿಗೆ ಚಿಕ್ಕದು ಸಾಕು. ಆ ಸಭೆಯಲ್ಲಿ ಬುದ್ಧಿಯ ಮಾತೊಂದು ಬಂದದ್ದು ಹಿತ್ತಲ ಬಾಗಿಲ ಕಡೆಯಿಂದ. ಲೈನ್‌ಮನೆಯ ಮೆಣಸು ಕೊಯ್ಯುವವನು ಅಂದದ್ದು ಇಷ್ಟೇ: ‘ಕುಳ್ಳನಿಗೆ ಕುಳ್ಳ ಏಣಿ ಕೊಟ್ಟರೆ ಸಿಲ್ವರ್ ಮರದ ತುದಿಯ ಮೆಣಸು ಯಾರು ಕೊಯ್ಯುವುದು ಸಾವ್ಕಾರ್ರೇ?’ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮಲ್ಲಿ ಮರ ಹತ್ತುವವರು ಏಣಿಯ ಬಗ್ಗೆ ಮಾತಾಡುವ ಪದ್ಧತಿಯಿಲ್ಲ.

ಆದರೆ ಇಡೀ ವಿದ್ಯೆ ಇರುವುದು ಆ ಏಣಿಯಲ್ಲೇ. ಬೋರ್ಡಿಗೆ ಲೀಟರ್ ಎಂದರೆ ಅದರ ಗಾತ್ರ, ಅದು ಎಷ್ಟು ನೀರನ್ನು ಪಕ್ಕಕ್ಕೆ ಸರಿಸಬಲ್ಲದು ಎಂಬ ಲೆಕ್ಕ. ಸರಿಸಿದ ನೀರಿನ ತೂಕದಷ್ಟೇ ಬಲ ಅದನ್ನು ಮೇಲಕ್ಕೆತ್ತುತ್ತದೆ ಎಂದು ಆರ್ಕಿಮಿಡೀಸ್ ಸ್ನಾನದ ತೊಟ್ಟಿಯಲ್ಲೇ ಕಂಡುಕೊಂಡನಂತೆ. ಅವನಿಗೆ ಸಲಹೆ ಕೊಡಲು ಮಾವಂದಿರು ಬಚ್ಚಲೊಳಗೆ ಬಂದಿರಲಿಲ್ಲ. ಒಂದು ಲೀಟರ್ ಸಮುದ್ರದ ನೀರು ಒಂದು ಕೆ.ಜಿ.ಗಿಂತ ತುಸು ಹೆಚ್ಚು ತೂಗುತ್ತದೆ. ಹಾಗಾಗಿ ಕಲಿಯುವವರ ಒರಟು ಲೆಕ್ಕ ಸುಲಭ: ಮೈತೂಕ ಎಷ್ಟು ಕೆ.ಜಿ.ಯೋ ಕನಿಷ್ಠ ಅಷ್ಟು ಲೀಟರ್ ಇರಲಿ, ಮೊದಮೊದಲು ಹತ್ತು ಹದಿನೈದು ಹೆಚ್ಚಿದ್ದರೆ ಇನ್ನೂ ವಾಸಿ. ನಮ್ಮ 46 ಕೆ.ಜಿ. ಹುಡುಗಿಗೆ 50ರಿಂದ 60 ಲೀಟರ್. ಫೋಮ್ ಬೋರ್ಡುಗಳಲ್ಲಿ ಅದು ಸುಮಾರು ಏಳರಿಂದ ಏಳೂವರೆ ಅಡಿ ಉದ್ದಕ್ಕೆ ಬರುತ್ತದೆ. ಅಲೆ ತೀರ ಸಣ್ಣದಿದ್ದರೆ ಎಂಟಡಿಯೂ ಆದೀತು. ಅಂದರೆ ಅವಳಿಗಿಂತ ಎರಡು ಎರಡೂವರೆ ಅಡಿ ಉದ್ದದ ಹಲಗೆ. ಐನ್‌ಮನೆಯ ತೀರ್ಪಿಗೆ ತದ್ವಿರುದ್ಧ.

ಇನ್ನೊಂದು ಬದಿ ನೋಡಿ. 75 ಕೆ.ಜಿ. ತೂಗುವ ಪಳಗಿದ ಸರ್ಫರ್ 28, 30 ಲೀಟರಿನ ಆರಡಿಯ ಹಲಗೆಯ ಮೇಲೆ ನಿಂತು ಆಟವಾಡುತ್ತಾನೆ. ಅವನ ತೂಕಕ್ಕೆ ಅರ್ಧದಷ್ಟೂ ಲೀಟರಿಲ್ಲ. ಮುಳುಗುವುದಿಲ್ಲವೇಕೆ? ಅವನನ್ನು ಹೊತ್ತದ್ದು ವೇಗ. ಅಲೆ ಎಲ್ಲಿ ಏಳುತ್ತದೆಂದು ಅವನಿಗೆ ಗೊತ್ತು, ಸರಿಯಾದ ಕ್ಷಣಕ್ಕೆ ಅಲ್ಲಿರುತ್ತಾನೆ, ನಾಲ್ಕು ಬೀಸಿಗೆ ಅಲೆಯ ವೇಗ ಹಿಡಿಯುತ್ತಾನೆ. ಆಮೇಲೆ ಓಡುವ ನೀರೇ ಹಲಗೆಯನ್ನು ಮೇಲೆತ್ತಿ ಹಿಡಿಯುತ್ತದೆ. ಕಲಿಯುವವಳಿಗೆ ಆ ವೇಗವೂ ಇಲ್ಲ, ಆ ಲೆಕ್ಕವೂ ಇಲ್ಲ. ಅವಳಿಗಿರುವ ಆಧಾರ ಹಲಗೆಯೊಂದೇ. ಅದನ್ನೂ ಕತ್ತರಿಸಿ ಕೊಟ್ಟು, ‘ನೋಡು, ಅವನು ಅಷ್ಟರಲ್ಲೇ ನಿಂತಿದ್ದಾನೆ’ ಎಂದು ತೋರಿಸುವುದು ಉಳ್ಳವರು ಇಲ್ಲದವರಿಗೆ ಮಾಡುತ್ತ ಬಂದ ಹಳೆಯ ಉಪದೇಶ. ಅನುಭವ ಹೆಚ್ಚಿದಂತೆ ಹಲಗೆ ಕುಗ್ಗಬೇಕು. ನಾವು ಅನುಭವವೇ ಇಲ್ಲದವರಿಂದ ಕುಗ್ಗಿಸುವುದನ್ನು ಶುರುಮಾಡುತ್ತೇವೆ.

ಹಾಗಾದರೆ ಅಂಗಡಿಯಲ್ಲಿ ಇರುವುದರಲ್ಲೇ ದೊಡ್ಡದನ್ನು ಹೊತ್ತು ತರಲಿ ಎಂದು ಮಾವ ಈಗ ಪಕ್ಷಾಂತರ ಮಾಡಬಹುದು. ನಿಲ್ಲಿ ಮಾವ. ಒಂಬತ್ತಡಿ ಉದ್ದ, ಇಪ್ಪತ್ಮೂರು ಇಂಚು ಅಗಲದ ಹಲಗೆ ಆರಡಿಯ ಗಂಡಸಿಗೆ ಒಳ್ಳೆಯ ಗುರು. ಐದಡಿಗೆ ಒಂದಿಂಚು ಕಡಿಮೆ ಇರುವವಳಿಗೆ ಅದು ಬೇರೆಯೇ ಕಥೆ. ಕಂಕುಳಲ್ಲಿ ಹಿಡಿದರೆ ಬೆರಳು ಆಚೆ ಅಂಚಿಗೆ ಮುಟ್ಟುವುದಿಲ್ಲ. ಗಾಳಿ ಬೀಸಿದರೆ ಹಲಗೆ ಅವಳನ್ನು ಹೊತ್ತುಕೊಂಡು ಹೋಗುತ್ತದೆ. ಬೋರಲು ಮಲಗಿ ಕೈಬೀಸಬೇಕಾದರೆ ಅಗಲ ಅಡ್ಡ ಬಂದು ಮುಂಗೈ ಮಾತ್ರ ನೀರಿಗೆ ತಾಗುತ್ತದೆ. ಪುಟ್ಟ ಮೈಯವರಿಗೆ ಉದ್ದಕ್ಕಿಂತ ಅಗಲವೇ ಹೆಚ್ಚು ಕಾಡುವುದು. 21, 22 ಇಂಚು ಅಗಲ, ಮೂರಿಂಚಿನ ಆಸುಪಾಸು ದಪ್ಪ ಇದ್ದರೆ ತೋಳು ಭುಜದವರೆಗೂ ಕೆಲಸ ಮಾಡುತ್ತದೆ. ಕಾಲಿಗೆ ಕಟ್ಟುವ ಲೀಶ್ ಹೆಚ್ಚುಕಡಿಮೆ ಹಲಗೆಯಷ್ಟೇ ಉದ್ದವಿರಲಿ. ತೀರ ಗಿಡ್ಡದಾದರೆ ಬಿದ್ದಾಗ ಹಲಗೆ ಹಿಂದಕ್ಕೆ ಚಿಮ್ಮಿ ಹಣೆಗೆ ಬರುತ್ತದೆ. ಮೇಲ್ಮೈ ಮೆತ್ತಗಿನ ಫೋಮ್ ಇರಲಿ. ಮೊದಲ ವಾರಗಳಲ್ಲಿ ಹಲಗೆಯ ಮೇಲೆ ನಿಲ್ಲುವುದಕ್ಕಿಂತ ಹಲಗೆಯಿಂದ ಹೊಡೆಸಿಕೊಳ್ಳುವುದೇ ಹೆಚ್ಚು. ಹೊರುವುದು ಹೇಗೆಂದರೆ, ತಲೆಯ ಮೇಲೆ. ಆರೇಳು ಕೆ.ಜಿ. ಮಾತ್ರ. ಕೊಡಗಿನ ತೋಟಗಳಲ್ಲಿ ಹೆಂಗಸರು ಅದರ ಎಷ್ಟೋ ಪಟ್ಟು ಭಾರದ ಕಾಫಿ ಮೂಟೆ ಹೊರುವುದನ್ನು ನೋಡುತ್ತ ಟೀ ಕುಡಿದವರು, ‘ಪಾಪ, ಅವಳು ಹೊತ್ತಾಳೆಯೇ’ ಎಂದು ಮರುಗುವ ಅಗತ್ಯವಿಲ್ಲ.

ನಮ್ಮಲ್ಲಿ ಚಿಕ್ಕವರಿಗೆ ಉದಾರವಾಗಿ ದೊಡ್ಡದನ್ನು ಕೊಡುವ ವಸ್ತು ಒಂದಿದೆ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಅದು ರಾಫ್ಟಿಂಗಿನ ಲೈಫ್ ಜಾಕೆಟ್. ಮೈಗೆ ಬಿಗಿಯಾಗಿ ಕೂರಲೇಬೇಕಾದ ವಸ್ತು ಅದೊಂದೇ, ಅದನ್ನೇ ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಡುವ ಜಾಗಗಳಿವೆ. ಪರೀಕ್ಷೆ ಸುಲಭ: ಜಾಕೆಟ್ ತೊಟ್ಟವರ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ. ಗದ್ದ, ಕಿವಿ ಒಳಗೆ ಹೂತುಹೋದರೆ ಆ ಜಾಕೆಟ್ ನೀರಿನಲ್ಲಿ ತಾನು ತೇಲುತ್ತದೆ, ಆದರೆ ತೊಟ್ಟವರನ್ನು ತೇಲಿಸುತ್ತದೆ ಎಂಬ ಭರವಸೆಯಿಲ್ಲ. ಹೀಗೆ, ಆಧಾರ ದೊಡ್ಡದಿರಬೇಕಾದಲ್ಲಿ ಚಿಕ್ಕದು, ಅಳತೆ ಚಿಕ್ಕದಿರಬೇಕಾದಲ್ಲಿ ದೊಡ್ಡದು. ಗಾತ್ರದ ವಿಷಯದಲ್ಲಿ ಎರಡೂ ಕಡೆ ತಪ್ಪುವುದಕ್ಕೆ ಸಾಮಾನ್ಯರಿಂದ ಆಗದು, ವ್ಯವಸ್ಥೆಯೇ ಬೇಕು.

ಇಷ್ಟಕ್ಕೂ ಹುಡುಗಿ ಬೋರ್ಡ್ ಕೊಳ್ಳಬೇಕೇ? ಬೇಡ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಮಂಗಳೂರು ದಾಟಿದರೆ ಮೂಲ್ಕಿ. ಅಲ್ಲಿ 2004ರಿಂದ ಮಂತ್ರ ಸರ್ಫ್ ಕ್ಲಬ್ ಇದೆ. ಕಟ್ಟಿದವರು ಜ್ಯಾಕ್ ಹೆಬ್ನರ್ ಎಂಬ ಅಮೆರಿಕದ ಕೃಷ್ಣಭಕ್ತರು, ಲೋಕ ಅವರನ್ನು ಸರ್ಫಿಂಗ್ ಸ್ವಾಮಿ ಎಂದು ಕರೆಯಿತು. ಕಾವಿಗೂ ಕಡಲಿಗೂ ನಂಟು ಹಾಕಿದ ಆ ಊರಿನ ಪಕ್ಕದ ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ನದಿಗಳು ಸಮುದ್ರ ಸೇರುವಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆಯೂ ನಡೆದಿದೆ. ಇನ್ನೂ ಉತ್ತರಕ್ಕೆ, ಉಡುಪಿಯ ಕೋಡಿಬೆಂಗ್ರೆಯಲ್ಲಿ 2007ರಲ್ಲಿ ಶುರುವಾದ ಶಾಕಾ ಸರ್ಫ್ ಕ್ಲಬ್ ಇದೆ. ತುಷಾರ್ ಪಥಿಯಾನ್ ಜೊತೆಗೂಡಿ ಅದನ್ನು ಕಟ್ಟಿದ ಇಶಿತಾ ಮಾಳವಿಯ ಮಣಿಪಾಲಕ್ಕೆ ಪತ್ರಿಕೋದ್ಯಮ ಓದಲು ಬಂದವರು. ಓದಿನ ಜೊತೆಗೆ ಅಲೆ ಹಿಡಿದು ದೇಶದ ಮೊದಲ ವೃತ್ತಿಪರ ಸರ್ಫರ್ ಮಹಿಳೆ ಎನಿಸಿಕೊಂಡರು. ಇಂಥ ಕಡೆ ಕಲಿಸುವವರು ನಿಮ್ಮನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಆಮೇಲೆ ಅಲೆಯನ್ನೊಮ್ಮೆ ನೋಡಿ, ರಾಶಿಯಿಂದ ಒಂದು ಹಲಗೆ ಎಳೆದು ಕೊಡುತ್ತಾರೆ. ಬಾಡಿಗೆ ಕಲಿಕೆಯ ಶುಲ್ಕದಲ್ಲೇ ಸೇರಿರುವುದು ವಾಡಿಕೆ. ಒಂದು ವಾರದಲ್ಲಿ ಏಳಡಿ, ಏಳೂವರೆ, ಎಂಟಡಿ ಎಲ್ಲದರ ಮೇಲೂ ಬಿದ್ದು ನೋಡಿದರೆ ನಿಮ್ಮ ಗಾತ್ರ ನಿಮಗೇ ತಿಳಿಯುತ್ತದೆ. ಹೋಗಬೇಕಾದದ್ದು ಅಕ್ಟೋಬರ್ ಕಳೆದ ಮೇಲೆ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳೇ ಜೂನ್, ಜುಲೈ ಎರಡು ತಿಂಗಳು ದಡ ಸೇರುತ್ತವೆ. ಆಗ ಕಡಲಿಗಿಳಿಯುತ್ತೇನೆಂದು ಹೊರಡುವ ಕಲಿಯುವವರಿಗೆ ಯಾವ ಗಾತ್ರದ ಹಲಗೆಯೂ ಸಾಲದು.

ಆದರೆ ಬಿದ್ದು ನೋಡಿ ಕೊಳ್ಳುವುದು ನಮ್ಮ ಮರ್ಯಾದೆಗೆ ಒಗ್ಗುವುದಿಲ್ಲ. ಮೊದಲು ಸಾಮಾನು, ಆಮೇಲೆ ವಿದ್ಯೆ. ಚಾರಣಕ್ಕೆ ಹೋಗುವ ಮುನ್ನ ಚಾರಣದ ಬೂಟು, ಗಾಲ್ಫ್ ಗೊತ್ತಾಗುವ ಮುನ್ನ ಗಾಲ್ಫ್ ಕಿಟ್, ಹಾಗೇ ಈಜು ಬರುವ ಮುನ್ನ ಸರ್ಫ್‌ಬೋರ್ಡ್. ಜೀಪಿನ ಮೇಲೆ ಬೋರ್ಡ್ ಕಟ್ಟಿಕೊಂಡು ಗೋಣಿಕೊಪ್ಪದ ಪೇಟೆಯಲ್ಲಿ ಎರಡು ಸುತ್ತು ಹೊಡೆದರೆ ಸರ್ಫಿಂಗ್‌ನ ಮುಕ್ಕಾಲು ಸುಖ ಅಲ್ಲೇ ಸಿಕ್ಕಿಬಿಡುತ್ತದೆ. ಉಳಿದ ಕಾಲು ಭಾಗಕ್ಕೆ ಮಾತ್ರ ಸಮುದ್ರ ಬೇಕು.

ಚಿಕ್ಕವರಿಗೆ ತಕ್ಕ ಹಲಗೆ ಮಾಡಿಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಸರ್ಫಿಂಗ್ ಚರಿತ್ರೆಯಲ್ಲೇ ಸಾಕ್ಷಿಯಿದೆ. 1947ರ ಮಾತು, ಕ್ಯಾಲಿಫೋರ್ನಿಯಾದ ಮಾಲಿಬು. ಆಗಿನ ಹಲಗೆಗಳು ರೆಡ್‌ವುಡ್ ಮರದ ದಿಮ್ಮಿಗಳೆನ್ನಬೇಕು. ಗಟ್ಟಿಮುಟ್ಟಾದ ಗಂಡಸರೇ ಉಸಿರುಗಟ್ಟಿ ಎಳೆಯುತ್ತಿದ್ದರು. ಹಾಲಿವುಡ್ ನಿರ್ಮಾಪಕ ಡ್ಯಾರಿಲ್ ಝಾನಕ್ ಅವರ ಮಗಳು ಡ್ಯಾರಿಲಿನ್ ಆಗಷ್ಟೇ ಕಲಿಯುತ್ತಿದ್ದಳು. ಅವಳು ಎತ್ತಲಾಗುವಂತೆ, ಅವಳ ಕಾರಿನಲ್ಲಿ ಹಿಡಿಸುವಂತೆ ಜೋ ಕ್ವಿಗ್ ಎಂಬ ಕುಶಲಿ ಬಾಲ್ಸಾ ಮರ ಸೇರಿಸಿ ಹಗುರವಾದೊಂದು ಹಲಗೆ ಮಾಡಿಕೊಟ್ಟ. ಉದ್ದ ಹತ್ತಡಿ ಎರಡಿಂಚು. ಗಮನಿಸಿ, ಅವನು ಇಳಿಸಿದ್ದು ಭಾರವನ್ನು, ಆಧಾರವನ್ನಲ್ಲ. ಆಮೇಲೆ ನಡೆದದ್ದೇ ತಮಾಷೆ. ಮಾಲಿಬುವಿನ ಹುರಿಗಟ್ಟಿದ ಗಂಡಸರೆಲ್ಲ ಒಬ್ಬರ ಹಿಂದೊಬ್ಬರು ಆ ‘ಹುಡುಗಿಯ ಹಲಗೆ’ಯನ್ನು ಕಡ ಕೇಳತೊಡಗಿದರು. ತಮ್ಮ ದಿಮ್ಮಿಗಳಿಗಿಂತ ಅದು ಚುರುಕಾಗಿ ತಿರುಗುತ್ತಿತ್ತು. ಮುಂದೆ ಮಾಲಿಬು ಮಾದರಿಯೆಂದು ಹೆಸರಾದ ಹಲಗೆಗಳ ವಂಶ ಅಲ್ಲಿಂದ ಬೆಳೆಯಿತು. ಒಬ್ಬ ಹೊಸಬಳಿಗೆ ಅನುಕೂಲ ಮಾಡಿದ್ದರಿಂದ ಇಡೀ ಆಟ ಸುಧಾರಿಸಿತು. ಒಂಬತ್ತು ವರ್ಷ ಕಳೆದು ಅದೇ ತೀರಕ್ಕೆ ಬಂದ ಹದಿನೈದರ ಕ್ಯಾಥಿ ಕೋನರ್ ಐದಡಿಯ ಹುಡುಗಿ. ಅವಳ ಕಥೆಯನ್ನು ಅಪ್ಪ 1957ರಲ್ಲಿ ಕಾದಂಬರಿ ಮಾಡಿದರು, 1959ರಲ್ಲಿ ಅದು ಸಿನಿಮಾ ಆಯಿತು, ಮಾಲಿಬುವಿನಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಆ ಜನಜಂಗುಳಿಗೆ ಅಲ್ಲಿನ ಮಾವಂದಿರು ಇವತ್ತಿಗೂ ಹುಡುಗಿಯನ್ನೇ ಬೈಯುತ್ತಾರೆ.

ಇಷ್ಟು ಹೊತ್ತು ಹುಡುಗಿಯ ಎತ್ತರ ಅಳೆದದ್ದಾಯಿತು. ಜಿಲ್ಲೆಯದ್ದನ್ನೂ ಅಳೆದುಬಿಡೋಣ. 4,102 ಚದರ ಕಿಲೋಮೀಟರು, 2011ರ ಜನಗಣತಿಯಂತೆ ಐದೂವರೆ ಲಕ್ಷದಷ್ಟು ಜನ, ಜನಸಂಖ್ಯೆಯಲ್ಲಿ ಇಡೀ ಕರ್ನಾಟಕದಲ್ಲಿ ಕಟ್ಟಕಡೆಯ ಸ್ಥಾನ. ರಾಜ್ಯದ ಸಾಲಿನಲ್ಲಿ ನಮ್ಮದೇ ನಾಲ್ಕಡಿ ಹನ್ನೊಂದಿಂಚು. 1956ರ ನವೆಂಬರಿಗೆ ಮುನ್ನ ನಾವೇ ಒಂದು ರಾಜ್ಯವಾಗಿದ್ದೆವು, 24 ಮಂದಿಯ ವಿಧಾನಸಭೆಯಿತ್ತು. 2008ಕ್ಕೆ ಮುನ್ನ ಮೂರು ಶಾಸಕರಿದ್ದರು. ಸೋಮವಾರಪೇಟೆ ಕ್ಷೇತ್ರ ಅಳಿಸಿದ ಮೇಲೆ ಈಗ ಇಬ್ಬರು. ಲೋಕಸಭೆಯ ಸ್ಥಾನ ಮೈಸೂರಿನೊಂದಿಗೆ ಹಂಚಿಕೊಂಡದ್ದು. ರೈಲುಹಳಿ ಜಿಲ್ಲೆಯೊಳಗೆ ಕಾಲಿಟ್ಟಿಲ್ಲ. 2019ರಲ್ಲಿ ಇಲ್ಲಿನ ಯುವಜನರು ನಮಗೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಕೊಡಿ ಎಂದು ಜಾಲತಾಣಗಳಲ್ಲಿ ಅಭಿಯಾನವನ್ನೇ ಮಾಡಬೇಕಾಯಿತು. ಎಲ್ಲದರ ಹಿಂದಿರುವುದು ಸುಬೇದಾರ್ ಮಾವನ ಗಣಿತವೇ: ಆಳು ಸಣ್ಣದು, ಹಲಗೆ ಸಣ್ಣದು ಸಾಕು. ಘಾಟಿ ಕುಸಿಯುವ, ತಿಂಗಳುಗಟ್ಟಲೆ ಮಳೆ ಹೊಯ್ಯುವ, ಮನೆಯಿಂದ ಮನೆಗೆ ಮೈಲಿ ಇರುವ ಊರಿನಲ್ಲಿ ತಲೆ ಕಡಿಮೆಯಾದಷ್ಟೂ ತಲೆಗೊಂದರ ಆಧಾರ ಹೆಚ್ಚು ಬೇಕು ಎಂದು ಹೇಳಲು ವಿಧಾನಸೌಧದಲ್ಲಿ ಮೆಣಸು ಕೊಯ್ಯುವವನಿಲ್ಲ.

ಈ ಗಣಿತದ ಶುದ್ಧ ಮಾದರಿ ಬೇಕಿದ್ದರೆ ಕುಶಾಲನಗರದ ಹತ್ತಿರದ ಚಿಕ್ಕಅಳುವಾರಕ್ಕೆ ಹೋಗಬೇಕು. ಮಂಗಳೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಜಾಗದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು, ಬೀದರ್, ಹಾವೇರಿ, ಹಾಸನ, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರಗಳ ಜೊತೆಗೆ. ಹೊಸ ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದು ತಲಾ ಎರಡು ಕೋಟಿ ರೂಪಾಯಿ. ಆ ದುಡ್ಡಿಗೆ ಬೆಂಗಳೂರಿನಲ್ಲಿ ಒಂದು ಒಳ್ಳೆಯ ಫ್ಲ್ಯಾಟ್ ಬರುತ್ತದೆ, ಪಾರ್ಕಿಂಗ್ ಬೇರೆ. ಹೊಸಬರು, ಪುಟ್ಟವರು, ಈಗಷ್ಟೇ ನೀರಿಗಿಳಿದವರು; ಅವರ ಕೈಗೆ ಐದಡಿ ಹತ್ತಿಂಚಿನ ಹಲಗೆ. ಎರಡೇ ವರ್ಷ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ತೀರಕ್ಕೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿತು. ಹಣವಿಲ್ಲ, ಸೌಕರ್ಯವಿಲ್ಲ, ನಿಲ್ಲಲಾಗುತ್ತಿಲ್ಲ ಎಂದು ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು. ಪಟ್ಟಿಯಲ್ಲಿ ಕೊಡಗು ಇತ್ತು. ಹಲಗೆ ಕೊಟ್ಟವರು ಒಂದು ಪಕ್ಷ, ಮುಳುಗಿದ್ದನ್ನು ಪತ್ತೆಹಚ್ಚಿದವರು ಇನ್ನೊಂದು ಪಕ್ಷ. ಹಲಗೆಯ ಅಳತೆಯ ಬಗ್ಗೆ ಮಾತ್ರ ಎರಡೂ ಪಕ್ಷಗಳಲ್ಲಿ ಭಿನ್ನಾಭಿಪ್ರಾಯ ಕಾಣಲಿಲ್ಲ. ಮುಳುಗಿದವಳಿಗೆ ದೊಡ್ಡ ಹಲಗೆ ಕೊಟ್ಟು ನೋಡೋಣ ಎಂಬ ಯೋಚನೆ ಯಾರ ಕಡತದಲ್ಲೂ ಮೊದಲ ಪುಟಕ್ಕೆ ಬರಲಿಲ್ಲ.

ಹುಡುಗಿಯ ವಿಷಯ ಸುಲಭ. ಅವಳು ಐನ್‌ಮನೆಯ ತೀರ್ಪಿಗೆ ತಲೆಯಾಡಿಸಿ, ತಮ್ಮನ ಬೋರ್ಡನ್ನು ಅವನ ಗೋಡೆಗೇ ಒರಗಿಸಿ ಬಿಟ್ಟು, ಬಸ್ಸು ಹತ್ತಿ ಮೂಲ್ಕಿಗೆ ಹೋಗಿ ಏಳೂವರೆ ಅಡಿಯ ಫೋಮ್ ಬೋರ್ಡ್ ಮೇಲೆ ಬಿದ್ದೆದ್ದು ಕಲಿಯುತ್ತಾಳೆ. ಜಿಲ್ಲೆಗೆ ಹಾಗೆ ಬಸ್ಸು ಹತ್ತಿ ಹೋಗಲು ಬರುವುದಿಲ್ಲ. ಅದರ ಹಲಗೆಯ ಅಳತೆ ನಿರ್ಧರಿಸುವವರು ದಡದಲ್ಲೇ ಕೂತಿರುತ್ತಾರೆ.

ಆದ್ದರಿಂದ ಒಂದು ವಿನಮ್ರ ಸಲಹೆ. ಚಿಕ್ಕವರಿಗೆ ಎಷ್ಟು ಸಾಕು ಎಂದು ತೀರ್ಮಾನಿಸುವ ಮುಂದಿನ ಉಪಸಮಿತಿಯ ಸಭೆ ಮೂಲ್ಕಿಯ ಕಡಲತೀರದಲ್ಲಿ ನಡೆಯಲಿ. ಡಿಸೆಂಬರಿನಲ್ಲಿಟ್ಟುಕೊಳ್ಳಿ, ಅಲೆ ಮೊಣಕಾಲಿನಷ್ಟೇ ಇರುತ್ತದೆ, ಯಾರಿಗೂ ಅಪಾಯವಿಲ್ಲ. ಸದಸ್ಯರಿಗೆಲ್ಲ ತಲಾ ಒಂದು 28 ಲೀಟರಿನ ಹಲಗೆ ಕೊಡೋಣ. ತೂಕ ಎಷ್ಟೇ ಇರಲಿ, ಅನುಭವ ಎಷ್ಟೇ ಇರಲಿ, ಅದೇ ಹಲಗೆ. ಸಮಾನತೆ ಎಂದರೆ ಹಾಗೇ ಅಲ್ಲವೇ? ಯಾರು ಎದ್ದು ನಿಲ್ಲುತ್ತಾರೋ ಅವರ ಶಿಫಾರಸನ್ನು ಮಾತ್ರ ಸರ್ಕಾರ ಅಂಗೀಕರಿಸಲಿ. ಸಭಾ ಭತ್ಯೆ, ಪ್ರಯಾಣ ಭತ್ಯೆ ಎಂದಿನಂತೆ. ಲೈಫ್ ಜಾಕೆಟ್ ಕೊಡಗಿನಿಂದಲೇ ಕಳಿಸುತ್ತೇವೆ, ಎಲ್ಲರಿಗೂ ಒಂದೇ ಅಳತೆಯದು.